ಮದ್ಯವ್ಯಸನದಿಂದ ಬಿಡುಗಡೆ: ಗುಜರಾತಿನ ನಗರಗಳಲ್ಲಿ ನೆರವಿನ ಸಭೆಗಳು

ಗುಜರಾತ್ ರಾಜ್ಯವು 1960ರ ಮೇ 1ರಂದು ಅಸ್ತಿತ್ವಕ್ಕೆ ಬಂದಂದಿನಿಂದಲೂ ಪಾನನಿರೋಧವನ್ನು ಪಾಲಿಸಿಕೊಂಡು ಬಂದಿದೆ. ಪರವಾನಗಿ ಇಲ್ಲದೆ ಮದ್ಯವನ್ನು ಕೊಳ್ಳುವುದು, ಇಟ್ಟುಕೊಳ್ಳುವುದು, ಸೇವಿಸುವುದು ಇಲ್ಲಿ ಶಿಕ್ಷಾರ್ಹ ಅಪರಾಧ. ಆದರೆ ಕಾಯಿದೆಯು ಅಂಗಡಿಯನ್ನು ಮುಚ್ಚಿಸಬಲ್ಲದೇ ಹೊರತು, ಆಗಲೇ ವ್ಯಸನಕ್ಕೆ ತುತ್ತಾದವರ ಹಂಬಲವನ್ನು ಅಳಿಸಲಾರದು. 2009ರ ಜುಲೈನಲ್ಲಿ ಅಹಮದಾಬಾದಿನಲ್ಲಿ ವಿಷಪೂರಿತ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 2022ರ ಜುಲೈನಲ್ಲಿ ಬೋಟಾದ್ ಮತ್ತು ಅಹಮದಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಇಂಥದೇ ದುರಂತ ನಲವತ್ತಕ್ಕೂ ಹೆಚ್ಚು ಜೀವಗಳನ್ನು ಕಸಿದುಕೊಂಡಿತು.

ಬೇರೆಡೆ ವ್ಯಸನಿಯು ಬಂಧುಬಳಗಕ್ಕೆ ಅಂಜಿ ತನ್ನ ಸ್ಥಿತಿಯನ್ನು ಮರೆಮಾಡುತ್ತಾನೆ. ಇಲ್ಲಿ ಕಾನೂನಿಗೂ ಅಂಜುತ್ತಾನೆ. ಉದ್ಯೋಗವನ್ನರಸಿ ಊರು ಬಿಟ್ಟು ಬಂದು ಒಂಟಿಯಾಗಿ ವಾಸಿಸುವ ಕನ್ನಡಿಗರಲ್ಲಿ ಈ ಅಂಜಿಕೆ ಇನ್ನೂ ಹೆಚ್ಚು. ಇದರಿಂದ ಚಿಕಿತ್ಸೆ ತಡವಾಗುತ್ತದೆ. ಆದ್ದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು: ಕುಡಿತ ಬಿಡಲು ನೆರವು ಕೇಳುವುದು ಅಪರಾಧವಲ್ಲ.

ಸಭೆಯ ಹಿನ್ನೆಲೆ

1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ಷೇರು ವ್ಯವಹಾರದ ಒಬ್ಬರು ಮತ್ತು ಶಸ್ತ್ರವೈದ್ಯರೊಬ್ಬರು ಭೇಟಿಯಾದರು. ಇಬ್ಬರೂ ಕುಡಿತದಿಂದ ನೊಂದವರು. ಅದೇ ನೋವನ್ನು ಉಂಡ ಇನ್ನೊಬ್ಬರೊಡನೆ ಮನಬಿಚ್ಚಿ ಮಾತನಾಡಿದಾಗ ಕುಡಿಯದೆ ಇರಲು ಬಲ ಬರುತ್ತದೆಂಬುದನ್ನು ಅವರು ಕಂಡುಕೊಂಡರು. ಹೀಗೆ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., 1957ರಲ್ಲಿ ಭಾರತದಲ್ಲಿ ಆರಂಭವಾಯಿತು. ಅದರ ಭಾರತೀಯ ಸೇವಾ ಕಚೇರಿಯು ಮುಂಬಯಿಯಲ್ಲಿದೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ವ್ಯಸನಿಗಳನ್ನು ಕ್ರಮಬದ್ಧವಾಗಿ ಎ.ಎ. ಸಭೆಗಳೊಡನೆ ಜೋಡಿಸುವ ಚಿಕಿತ್ಸೆಯು, ಸತತವಾಗಿ ಮದ್ಯದಿಂದ ದೂರವಿರುವಂತೆ ಮಾಡುವಲ್ಲಿ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿ ಎಂದು ಅದು ಕಂಡುಕೊಂಡಿತು.

ಸಭೆಯಲ್ಲಿ ನಡೆಯುವುದೇನು?

ಸಭೆಯು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಬೇಕಾದ ಅರ್ಹತೆ. ಶುಲ್ಕವಿಲ್ಲ, ಖರ್ಚಿಗೆಂದು ಸದಸ್ಯರು ಇಷ್ಟವಿದ್ದಷ್ಟು ಹಾಕುತ್ತಾರೆ. ಪೂರ್ಣ ಹೆಸರು, ವಿಳಾಸ, ಉದ್ಯೋಗಗಳನ್ನು ಹೇಳಬೇಕಾಗಿಲ್ಲ. ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ನಡುವೆ ಬಾಯಿ ಹಾಕುವ, ಬುದ್ಧಿ ಹೇಳುವ ರೂಢಿಯಿಲ್ಲ. ಹೊಸಬರು ಸುಮ್ಮನೆ ಕುಳಿತು ಕೇಳಬಹುದು. ಅಲ್ಲಿ ಕೇಳಿದ ಮಾತು ಅಲ್ಲೇ ಉಳಿಯಬೇಕೆಂಬುದು ಎಲ್ಲರೂ ಒಪ್ಪಿಕೊಂಡ ನಿಯಮ. ಜೀವನಪರ್ಯಂತ ಕುಡಿಯುವುದಿಲ್ಲವೆಂಬ ಆಣೆಯನ್ನು ಯಾರೂ ಕೇಳುವುದಿಲ್ಲ. ‘ಈ ಒಂದು ದಿನ ಕುಡಿಯುವುದಿಲ್ಲ’ ಎಂದರೆ ಸಾಕು.

‘ಮುಕ್ತ’ ಸಭೆಗೆ ಬಂಧುಗಳೂ ಆಸಕ್ತರೂ ಬರಬಹುದು. ‘ಖಾಸಗಿ’ ಸಭೆ ವ್ಯಸನಪೀಡಿತರಿಗೆ ಮಾತ್ರ. ಸಭೆ ಚರ್ಚಿನ ಆವರಣದಲ್ಲೋ ಶಾಲೆಯ ಕೊಠಡಿಯಲ್ಲೋ ನಡೆದರೂ ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ; ಸರ್ಕಾರದ ಅಂಗವೂ ಅಲ್ಲ.

ಸಭೆಯನ್ನು ಹುಡುಕುವ ಬಗೆ

ಸಭೆಯ ಸ್ಥಳ ಮತ್ತು ವೇಳೆ ಆಗಾಗ ಬದಲಾಗುವುದರಿಂದ, ಅಹಮದಾಬಾದ್, ವಡೋದರಾ ಅಥವಾ ಸೂರತ್‌ನಲ್ಲಿರುವವರು ಮೊದಲು ದೂರವಾಣಿಯಲ್ಲಿ ವಿಚಾರಿಸುವುದು ಒಳ್ಳೆಯದು. ಎ.ಎ. ಸೇವಾ ಕಚೇರಿಯಿಂದ ಸಮೀಪದ ಗುಂಪಿನ ವಿವರ ಪಡೆಯಬಹುದು. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಉಚಿತ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಮುಕ್ತವೋ ಖಾಸಗಿಯೋ ಎಂಬುದನ್ನೂ ಕೇಳಿಕೊಳ್ಳಿ. ಗುಜರಾತಿನಲ್ಲಿ ಕುಡಿದು ರಸ್ತೆಗಿಳಿಯುವುದು ಅಪರಾಧವಾದ್ದರಿಂದ, ಕುಡಿದ ದಿನ ಸಭೆಗೆ ಹೊರಡದೆ ಗುಂಪಿನವರಿಗೆ ದೂರವಾಣಿ ಮಾಡಿ ಮಾತನಾಡಬಹುದು.

ಮೊದಲು ವೈದ್ಯರನ್ನು ಕಾಣಬೇಕಾದವರು

ಪ್ರತಿದಿನ ಹೆಚ್ಚು ಕುಡಿಯುವವರು ಯಾರ ಸಲಹೆಯೂ ಇಲ್ಲದೆ ಥಟ್ಟನೆ ನಿಲ್ಲಿಸುವುದು ಅಪಾಯಕರ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳ ಅನಂತರ ಇಲ್ಲದ್ದನ್ನು ಕಾಣುವ, ಕೇಳುವ ತೀವ್ರ ಗೊಂದಲ ಉಂಟಾಗಬಹುದು. ಇದು ಪ್ರಾಣಾಂತಿಕ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಅಹಮದಾಬಾದ್ ಮತ್ತು ವಡೋದರಾಗಳಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ಸೂರತ್‌ನವರು ಸರ್ಕಾರಿ ನ್ಯೂ ಸಿವಿಲ್ ಆಸ್ಪತ್ರೆಗೆ ಹೋಗಬಹುದು. ಸಭೆಯು ಔಷಧಕ್ಕೆ ಬದಲಿಯಲ್ಲ. ಚಿಕಿತ್ಸೆ ಮುಗಿದ ಮೇಲಿನ ದೀರ್ಘ ದಾರಿಗೆ ಅದು ಜೊತೆ.

ಮನೆಯವರಿಗೆ

ವ್ಯಸನಿಯ ಪತ್ನಿ, ಪತಿ, ತಾಯಿತಂದೆ, ಮಕ್ಕಳಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ. ಮನೆಯಲ್ಲಿ ಕುಡಿಯುವವರು ಸಭೆಗೆ ಬರಲೊಪ್ಪದಿದ್ದರೂ ಬಂಧುಗಳು ಅಲ್ಲಿಗೆ ಹೋಗಬಹುದು. ವ್ಯಸನಕ್ಕೆ ತಾವು ಕಾರಣರಲ್ಲವೆಂಬ ಅರಿವು ಎಷ್ಟೋ ಮನೆಗಳಿಗೆ ನೆಮ್ಮದಿ ತಂದಿದೆ.

ಮತ್ತೆ ಕುಡಿದರೆ ಎಲ್ಲವೂ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಮದ್ಯವ್ಯಸನವು ಮರುಕಳಿಸಬಲ್ಲ ರೋಗ. ಮರಳಿ ಬಂದವರನ್ನು ಸಭೆಯು ಹೊರಹಾಕುವುದಿಲ್ಲ. ಒಂದೇ ಸಭೆಯಿಂದ ತೀರ್ಮಾನಕ್ಕೆ ಬಾರದೆ ಕೆಲವು ವಾರ ಹೋಗಿ ನೋಡಿ. ಹೆಸರು ಹೇಳಲು ಅಂಜುವವರಿಗಾಗಿಯೇ ಹೆಸರು ಕೇಳದ ಈ ಸಭೆಗಳಿವೆ.