ಹಿಮ್ಮಡಿಯ ಹುರಿ ಹರಿದಾಗ



ಕಾಲಿಗೆ ಪೆಟ್ಟಾಯಿತೆಂದರೆ ನಾವು ಮೊದಲು ಕೇಳುವ ಮಾತು ‘ನಡೆಯಲು ಬರುತ್ತದೆಯೇ?’ ಎಂಬುದು. ನಡೆಯಲು ಬಂದರೆ ಉಳುಕು, ಬಾರದಿದ್ದರೆ ಮೂಳೆ ಮುರಿತ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಈ ಲೆಕ್ಕ ಪೂರಾ ತಪ್ಪುವ ಒಂದು ಪೆಟ್ಟಿದೆ. ಅದರ ಚಿಕಿತ್ಸೆ ಮತ್ತು ಆರೈಕೆಯ ವಿಷಯವನ್ನು ಇಂದು ತಿಳಿದುಕೊಳ್ಳೋಣ.

ನಿಮ್ಮ ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಹಗ್ಗದಂತೆ ಗಟ್ಟಿಯಾದ ಒಂದು ಹುರಿ ಕೈಗೆ ಸಿಗುತ್ತದೆ. ಮೀನಖಂಡದ ಮಾಂಸಖಂಡಗಳು ಕೆಳಗೆ ಬರುತ್ತಾ ಕೂಡಿಕೊಂಡು, ಈ ಹುರಿಯಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಂಡಿವೆ. ನಮ್ಮ ದೇಹದ ಇಂಥ ಹುರಿಗಳಲ್ಲೆಲ್ಲ ಇದೇ ಅತಿ ದಪ್ಪ, ಅತಿ ಬಲವಾದದ್ದು. ಮುಂಗಾಲ ಮೇಲೆ ಎದ್ದು ನಿಲ್ಲುವುದು, ಮೆಟ್ಟಿಲು ಹತ್ತುವುದು, ಓಡುವುದು ಎಲ್ಲವೂ ಇದರ ಎಳೆತದಿಂದಲೇ. ವೈದ್ಯರು ಇದನ್ನು ಅಕಿಲಿಸ್ ಟೆಂಡನ್ ಎನ್ನುತ್ತಾರೆ. ಅಕಿಲಿಸ್ ಗ್ರೀಕರ ಕಥೆಯ ವೀರ. ನಮ್ಮ ಕಥೆಯಲ್ಲಿ ದುರ್ಯೋಧನನಿಗೆ ತೊಡೆ ಹೇಗೋ, ಅವನಿಗೆ ಹಿಮ್ಮಡಿ ಹಾಗೆ. ದೇಹದಲ್ಲಿ ಪೆಟ್ಟು ನಾಟುವ ಜಾಗ ಅದೊಂದೇ.

ಇಲ್ಲಿ ಒಂದು ಮಾತಿನ ತೊಡಕಿದೆ. ರಕ್ತನಾಳ, ಸ್ಪರ್ಶ ತಿಳಿಸುವ ತಂತು, ಈ ಹುರಿ, ಮೂರಕ್ಕೂ ನಾವು ‘ನರ’ ಎಂದೇ ಹೇಳುತ್ತೇವೆ. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಂ ಎಂಬ ಮಾತುಗಳಲ್ಲೂ ಇದೇ ಗೊಂದಲ. ಆದ್ದರಿಂದ ಆಸ್ಪತ್ರೆಯಲ್ಲಿ ‘ನರ ಎಳೆದಿದೆ’ ಎಂದಷ್ಟೇ ಹೇಳಬೇಡಿ. ಜಾಗವನ್ನು ಬೆರಳಿಟ್ಟು ತೋರಿಸಿ. ಹಿಮ್ಮಡಿಗೆ ಮರಾಠಿಯಲ್ಲಿ ಟಾಚ್, ತೆಲುಗಿನಲ್ಲಿ ಮಡಮ, ತಮಿಳಿನಲ್ಲಿ ಕುದಿಕಾಲ್, ಮಲಯಾಳದಲ್ಲಿ ಉಪ್ಪೂಟ್ಟಿ ಎನ್ನುತ್ತಾರೆ. ಪೆಟ್ಟು ಆದದ್ದು ಹೇಗೆ, ಯಾವ ದಿನ ಎಂಬುದನ್ನೂ ಹೇಳಿ.

ಈ ಹುರಿ ಹೆಚ್ಚಾಗಿ ಹರಿಯುವುದು ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ. ಅಲ್ಲಿಗೆ ರಕ್ತದ ಪೂರೈಕೆ ಕಡಿಮೆ. 30ರಿಂದ 50 ವಯಸ್ಸಿನ ಗಂಡಸರಲ್ಲಿ ಹೆಚ್ಚು. ವರ್ಷವಿಡೀ ಆಡದವರು ಹಬ್ಬದ ದಿನ ಕಬಡ್ಡಿಗೋ ವಾಲಿಬಾಲಿಗೋ ಇಳಿದಾಗ, ಹಳ್ಳ ದಾಟಲು ಹಾರಿದಾಗ, ಏಣಿಯಿಂದ ಕಾಲು ಜಾರಿದಾಗ ಹೀಗಾಗಬಹುದು. ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳೂ ಸ್ಟೀರಾಯ್ಡ್ ಔಷಧಿಗಳೂ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಈ ಹುರಿಯನ್ನು ದುರ್ಬಲಗೊಳಿಸುತ್ತವೆ. ವೈದ್ಯರು ಬರೆದುಕೊಡದೆ ಅಂಗಡಿಯಿಂದ ಅವನ್ನು ತಂದು ನುಂಗಬಾರದು.

ಹರಿಯುವಾಗ ‘ಟಪ್’ ಎಂಬ ಸದ್ದು ಕೇಳಿಸುವುದುಂಟು. ಹಿಂದಿನಿಂದ ಯಾರೋ ಒದ್ದಂತೆ, ಕಲ್ಲು ಬೀರಿದಂತೆ ಅನ್ನಿಸುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಅವರ ಹುರಿ 2010ರ ಮಾರ್ಚ್ 14ರಂದು ಇಟಲಿಯ ಮಿಲಾನ್ ನಗರದ ಪಂದ್ಯದಲ್ಲಿ ಹರಿದದ್ದೂ ಯಾರೊಬ್ಬರೂ ತಾಗದೆಯೇ. ಮರುದಿನವೇ ಫಿನ್ಲೆಂಡಿನ ತುರ್ಕುವಿನಲ್ಲಿ ಶಸ್ತ್ರಕ್ರಿಯೆಯಾಯಿತು. ಆದರೂ ಆ ವರ್ಷದ ವಿಶ್ವಕಪ್ ತಪ್ಪಿತು. ಅವರು ಮತ್ತೆ ಅಂಗಣಕ್ಕೆ ಇಳಿದದ್ದು ಸೆಪ್ಟೆಂಬರಿನಲ್ಲಿ, ಸುಮಾರು ಆರು ತಿಂಗಳ ನಂತರ.

ಇನ್ನು ಗುರುತಿಸುವ ಬಗೆ. ಹುರಿ ಹರಿದವರೂ ಕುಂಟುತ್ತಾ ನಡೆಯಬಲ್ಲರು, ಬೆರಳು ಆಡಿಸಬಲ್ಲರು. ಆ ಕೆಲಸಕ್ಕೆ ಬೇರೆ ಸ್ನಾಯುಗಳಿವೆ. ಉಳುಕು ಎಂದು ಮೋಸಹೋಗುವುದು ಇಲ್ಲೇ. ಆದರೆ ಆ ಒಂದೇ ಕಾಲಿನ ಮುಂಗಾಲ ಮೇಲೆ ಅವರು ಎದ್ದು ನಿಲ್ಲಲಾರರು. ಬಲವಂತದಿಂದ ನಿಲ್ಲಿಸಿ ನೋಡುವುದು ಬೇಡ. ಇದಕ್ಕಿಂತ ಸುಲಭವಾದ ಪರೀಕ್ಷೆಯಿದೆ. ಪೆಟ್ಟಾದವರನ್ನು ಮಂಚದ ಮೇಲೆ ಬೋರಲು ಮಲಗಿಸಿ, ಪಾದಗಳು ಮಂಚದಾಚೆ ತೂಗಾಡಲಿ. ಮೀನಖಂಡವನ್ನು ಮೆಲ್ಲಗೆ ಹಿಂಡಿರಿ. ಒಳ್ಳೆಯ ಕಾಲಿನ ಪಾದ ಕೆಳಕ್ಕೆ ಚಾಚಿಕೊಳ್ಳುತ್ತದೆ. ಹುರಿ ಹರಿದ ಕಾಲಿನ ಪಾದ ಅಲುಗುವುದಿಲ್ಲ. ಹಾಗಾದರೆ ಎಣ್ಣೆ ತಿಕ್ಕಿಸುವುದು, ಎಳೆಸುವುದು ಬೇಡ. ಪಾದವನ್ನು ಕೆಳಮುಖವಾಗಿರಿಸಿ, ಭಾರ ಹಾಕದೆ ಮೂಳೆ ವೈದ್ಯರ ಬಳಿಗೆ ಹೋಗಿ. ಪಾದ ಸ್ವಲ್ಪ ಅಲುಗಿದರೂ ಸಂಶಯವಿದ್ದರೆ ತೋರಿಸುವುದೇ ಲೇಸು.

ಕುಡುಗೋಲು ತಾಗಿ, ಬೈಕಿನ ಚಕ್ರದ ಕಡ್ಡಿಗೆ ಕಾಲು ಸಿಕ್ಕಿ, ಕಕ್ಕಸಿನ ಪಿಂಗಾಣಿ ಬೇಸಿನ್ ಒಡೆದು ಹಿಮ್ಮಡಿಯ ಮೇಲೆ ಗಾಯವಾಗುವುದೂ ನಮ್ಮಲ್ಲಿದೆ. ಗಾಯ ಚಿಕ್ಕದೆಂದು ಚರ್ಮಕ್ಕಷ್ಟೇ ಹೊಲಿಗೆ ಹಾಕಿಸಿಕೊಂಡು ಬರಬೇಡಿ. ಒಳಗಿನ ಹುರಿ ತುಂಡಾಗಿದೆಯೇ ಎಂದು ಕೇಳಿ. ತುಂಡಾಗಿದ್ದರೆ ಗಾಯ ತೊಳೆದು, ಧನುರ್ವಾಯು ಇಂಜೆಕ್ಷನ್ ಕೊಟ್ಟು, ಶಸ್ತ್ರಕ್ರಿಯೆಯಿಂದ ಜೋಡಿಸಬೇಕಾಗುತ್ತದೆ.

ಗಾಯವಿಲ್ಲದೆ ಒಳಗೇ ಹರಿದಿದ್ದರೆ ಎರಡು ದಾರಿಗಳಿವೆ. ಒಂದು ಶಸ್ತ್ರಕ್ರಿಯೆ. ಇನ್ನೊಂದು, ಪಾದವನ್ನು ಕೆಳಮುಖವಾಗಿಟ್ಟು ಪ್ಲಾಸ್ಟರ್ ಅಥವಾ ಬೂಟು ಹಾಕಿ ತಾನಾಗಿ ಕೂಡಲು ಬಿಡುವುದು. ನಾರ್ವೆ ದೇಶದ ವೈದ್ಯರು 526 ಜನರನ್ನು ಹೋಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ನಂತರ ಎರಡೂ ದಾರಿಯವರ ಕಾಲಿನ ಶಕ್ತಿ, ಕೆಲಸ ಹೆಚ್ಚುಕಡಿಮೆ ಒಂದೇ ಆಗಿತ್ತು. ಹುರಿ ಮತ್ತೆ ಹರಿದದ್ದು ಶಸ್ತ್ರಕ್ರಿಯೆ ಇಲ್ಲದವರಲ್ಲಿ ನೂರಕ್ಕೆ ಆರು ಮಂದಿಗೆ, ಆದವರಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ. ಅದೇ ಸಮಯಕ್ಕೆ, ಸ್ಪರ್ಶದ ತಂತುವಿಗೆ ಪೆಟ್ಟಾಗುವುದು ಶಸ್ತ್ರಕ್ರಿಯೆ ಆದವರಲ್ಲಿ ಹೆಚ್ಚು: ಕೊಯ್ದು ಮಾಡಿದಲ್ಲಿ ನೂರಕ್ಕೆ ಸುಮಾರು ಮೂವರು, ಸಣ್ಣ ರಂಧ್ರದ ವಿಧಾನದಲ್ಲಿ ಐವರು. ಮಧುಮೇಹ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಗಾಯ ಮಾಯುವುದು ಕಷ್ಟ. ಆದ್ದರಿಂದ ಯಾವ ದಾರಿ ಎಂಬುದನ್ನು ವೈದ್ಯರೊಡನೆ ಕುಳಿತು ನಿರ್ಧರಿಸಿ. ಆದರೆ ಒಂದು ಮಾತು. ಶಸ್ತ್ರಕ್ರಿಯೆ ಬೇಡ ಎನ್ನುವ ದಾರಿ ತೆರೆದಿರುವುದು ಮೊದಲ ಕೆಲವು ದಿನ ಮಾತ್ರ. ನಾಲ್ಕಾರು ವಾರ ಕಳೆದರೆ ತುದಿಗಳು ದೂರ ಸರಿದು ನಡುವೆ ಹುರುಳಿಲ್ಲದ ಅಂಗಾಂಶ ತುಂಬಿರುತ್ತದೆ. ಆಗ ಹೆಬ್ಬೆರಳಿನ ಹುರಿಯನ್ನು ತಂದು ಜೋಡಿಸುವಂಥ ದೊಡ್ಡ ಶಸ್ತ್ರಕ್ರಿಯೆಯೇ ಬೇಕಾಗಬಹುದು.

ಶಸ್ತ್ರಕ್ರಿಯೆಯ ಹೆಸರು ಕೇಳಿ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಬೋರಲು ಮಲಗಿಸಿ, ಹುರಿಯ ಪಕ್ಕದಲ್ಲಿ ಚರ್ಮ ಬಿಡಿಸಿ, ಪೊರಕೆಯಂತೆ ಸಿಗಿದ ಎರಡು ತುದಿಗಳನ್ನು ಗಟ್ಟಿ ದಾರದಿಂದ ಹೆಣೆದು ಸೇರಿಸುತ್ತಾರೆ. ಆಮೇಲೆ ಪಾದ ಕೆಳಮುಖವಾಗಿರುವಂತೆ ಪ್ಲಾಸ್ಟರ್. ತಮಿಳು ಸೀಮೆಯವರು ಮಾವುಕಟ್ಟು ಎನ್ನುವುದು ಇದನ್ನೇ.

ನಿಜವಾದ ಪರೀಕ್ಷೆ ಮನೆಗೆ ಬಂದ ಮೇಲೆ. ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ. ನಂತರ ಹಿಮ್ಮಡಿಯ ಕೆಳಗೆ ಎತ್ತರದ ಅಟ್ಟೆಗಳಿರುವ ಬೂಟು ಹಾಕಿ, ಊರುಗೋಲಿನ ಆಸರೆಯಲ್ಲಿ ಸ್ವಲ್ಪಸ್ವಲ್ಪ ಭಾರ ಹಾಕಿಸುತ್ತಾರೆ. ಒಂದೊಂದೇ ಅಟ್ಟೆ ತೆಗೆಯುತ್ತಾ ಪಾದವನ್ನು ಸಮಕ್ಕೆ ತರುತ್ತಾರೆ. ಇದಕ್ಕೆ ಆರರಿಂದ ಎಂಟು ವಾರ ಬೇಕು. ಆಮೇಲೆ ವ್ಯಾಯಾಮ. ಮೊದಲು ಎರಡೂ ಕಾಲಿನ ಮುಂಗಾಲ ಮೇಲೆ ಏಳುವುದು, ಕ್ರಮೇಣ ಒಂದೇ ಕಾಲಿನಲ್ಲಿ. ಓಟ, ಆಟ, ಮರ ಹತ್ತುವುದು ಆರು ತಿಂಗಳಿಂದ ಒಂಬತ್ತು ತಿಂಗಳ ಮಾತು. ಪೂರ್ಣ ಬಲಕ್ಕೆ ವರ್ಷವೇ ಹಿಡಿಯಬಹುದು. ಆ ಕಾಲಿನ ಮೀನಖಂಡ ಕೊಂಚ ಸಣ್ಣಗೆ ಉಳಿಯುವುದೂ ಉಂಟು.

ನಮ್ಮ ಮನೆಗಳಲ್ಲಿ ದೊಡ್ಡ ಅಪಾಯವೆಂದರೆ ಕುಕ್ಕರಗಾಲಿನಲ್ಲಿ ಕೂರುವುದು. ಹೊಸದಾಗಿ ಕೂಡಿದ ಹುರಿ ಹಾಗೆ ಕೂತಾಗ ಎಳೆದು ಉದ್ದವಾಗುತ್ತದೆ. ಉದ್ದವಾದ ಹುರಿಗೆ ಬಲವಿಲ್ಲ. ವೈದ್ಯರು ಒಪ್ಪುವ ತನಕ ಕಕ್ಕಸಿಗೆ ತೂತಿನ ಕುರ್ಚಿ ಬಳಸಿ. ನಾಟಿ, ಕಳೆ, ಪಾತ್ರೆ ತೊಳೆಯುವ ಕೆಲಸಗಳನ್ನು ಮನೆಯವರು ಹಂಚಿಕೊಳ್ಳಲಿ. ಹೊಲದ ಕೆಲಸ ನಿಲ್ಲುವುದಿಲ್ಲವೆಂದು ಮೂರನೆಯ ವಾರಕ್ಕೇ ಬೂಟು ಬಿಚ್ಚಿಟ್ಟರೆ ಹುರಿ ಮತ್ತೆ ಹರಿಯಬಹುದು. ಗಾಯ ಕೆಂಪಾಗಿ ಕೀವು ಬಂದರೆ, ಮೀನಖಂಡ ಬಾತು ನೋಯತೊಡಗಿದರೆ ಅಂದೇ ತೋರಿಸಿ. ರಕ್ತ ಹೆಪ್ಪುಗಟ್ಟಿದ್ದರೂ ಹಾಗಾಗುತ್ತದೆ, ತಿಕ್ಕಬಾರದು. ಎದೆ ನೋವು, ಉಸಿರುಕಟ್ಟುವುದು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಡುಗಡೆಯ ದಿನ ಕೈಗೆ ಬರುವ ಚೀಟಿ ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ ಇರುತ್ತದೆ. ನರ್ಸಮ್ಮನವರಿಂದ ಓದಿಸಿ, ಯಾವ ವಾರ ಯಾವ ಅಟ್ಟೆ ತೆಗೆಯಬೇಕು, ಎಷ್ಟು ಭಾರ ಹಾಕಬೇಕು ಎಂಬುದನ್ನು ಅದರ ಬೆನ್ನಿಗೆ ಕನ್ನಡದಲ್ಲಿ ಬರೆದುಕೊಳ್ಳಿ. ಮನೆಯಲ್ಲಿರುವ ಎಲ್ಲರೂ ಅದನ್ನು ಓದಲಿ. ಹೊಲಿಗೆ ಹಾಕುವುದು ವೈದ್ಯರ ಕೆಲಸ, ಅದನ್ನು ಕಾಪಾಡುವುದು ಮನೆಯವರ ಕೆಲಸ.