ತಂಗಿಯ ತುರಿಕೆ, ತೆಂಗಿನೆಣ್ಣೆ, ತಿರುಪ್ಪೂರು ಬನಿಯನ್ನು



ರಾತ್ರಿ ಎಲ್ಲರೂ ಮಲಗಿರುವಾಗ ಮನೆಯ ಚಿಕ್ಕ ಮಗು ಎದ್ದು ಕೂತು ಪರಪರ ಅಂತ ಮೈ ಕೆರೆದುಕೊಳ್ಳುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಹಸುಗೂಸಾದರೆ ಕೆನ್ನೆ ಕೆಂಪಾಗಿರುತ್ತದೆ. ಸ್ವಲ್ಪ ದೊಡ್ಡ ಮಗುವಾದರೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ ಒರಟಾಗಿ ಬಿರಿದಿರುತ್ತದೆ. ಮಗುವಿಗೂ ನಿದ್ದೆ ಇಲ್ಲ, ಅಮ್ಮನಿಗೂ ನಿದ್ದೆ ಇಲ್ಲ. ಬೆಳಗಾದರೆ ಸಲಹೆ ಹೇಳೋರು ನೂರು ಜನ. ಒಬ್ಬರು ಬೇವು ಅಂತಾರೆ, ಒಬ್ಬರು ತೆಂಗಿನೆಣ್ಣೆ ಅಂತಾರೆ, ಇನ್ನೊಬ್ಬರು ಬದನೆಕಾಯಿ ಕೊಡಲೇಬೇಡಿ ಅಂತಾರೆ. ಯಾರ ಮಾತು ಸರಿ? ಅದನ್ನು ತಿಳಿಯೋದು ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ.

ಈ ಕಾಯಿಲೆಗೆ ಕನ್ನಡದಲ್ಲಿ ಇಸುಬು ಅನ್ನುತ್ತೇವೆ. ಕೊಯಮತ್ತೂರು, ತಿರುಪ್ಪೂರು ಕಡೆ ಮನೇಲಿ ಕನ್ನಡ ಆಡುವವರೂ ಬೀದಿಗೆ ಬಂದರೆ ತಮಿಳಿನ ‘ಕರಪ್ಪಾನ್’ ಎಂಬ ಮಾತು ಕೇಳುತ್ತಾರೆ. ವೈದ್ಯರು ಚೀಟಿಯಲ್ಲಿ ಬರೆಯುವ ಹೆಸರು ಅಟೋಪಿಕ್ ಡರ್ಮಟೈಟಿಸ್. ಬಂದು, ಕಡಿಮೆಯಾಗಿ, ಮತ್ತೆ ಬರುವುದು ಇದರ ಗುಣ.

ಗೋಡೆಯ ಗಾರೆ ಉದುರಿದರೆ

ನಮ್ಮ ಚರ್ಮದ ತೀರ ಮೇಲಿನ ಪದರವನ್ನು ಒಂದು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಚಪ್ಪಟೆಯಾದ ಸತ್ತ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವೆ ಇರುವ ಕೊಬ್ಬಿನ ಅಂಶಗಳು ಗಾರೆ. ಗೋಡೆ ಗಟ್ಟಿಯಾಗಿದ್ದರೆ ಒಳಗಿನ ನೀರು ಆರಿಹೋಗುವುದಿಲ್ಲ. ಹೊರಗಿನ ಧೂಳು, ಸಾಬೂನು, ರೋಗಾಣು ಒಳಗೆ ಬರುವುದಿಲ್ಲ. ಇಸುಬು ಇರುವ ಮಗುವಿನಲ್ಲಿ ಈ ಗಾರೆ ಕಡಿಮೆ, ಇಟ್ಟಿಗೆಯೂ ಸಡಿಲ. ಚರ್ಮ ಒಣಗುತ್ತದೆ, ಹೊರಗಿನದು ಒಳಗೆ ನುಗ್ಗುತ್ತದೆ, ದೇಹದ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ, ತುರಿಕೆ ಶುರುವಾಗುತ್ತದೆ. ಕೆರೆದರೆ ಗೋಡೆ ಇನ್ನಷ್ಟು ಒಡೆಯುತ್ತದೆ. ಒಡೆದಷ್ಟೂ ತುರಿಕೆ ಹೆಚ್ಚು. ಇದೊಂದು ಸುತ್ತು. ಈ ಸುತ್ತನ್ನು ಮುರಿಯುವುದೇ ಆರೈಕೆಯ ಗುಟ್ಟು.

2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವಿಜ್ಞಾನಿಗಳ ತಂಡ ಒಂದು ಮುಖ್ಯ ವಿಷಯ ಕಂಡುಹಿಡಿಯಿತು. ಫಿಲಾಗ್ರಿನ್ ಎಂಬ ಪ್ರೋಟೀನು ಈ ಗೋಡೆ ಕಟ್ಟಲು ಬೇಕು. ಅದನ್ನು ತಯಾರಿಸುವ ಜೀನಿನಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚು. ಇಸುಬು ಇರುವ ಎಲ್ಲ ಮಕ್ಕಳಲ್ಲೂ ಈ ದೋಷ ಇರುತ್ತದೆ ಅಂತಲ್ಲ. ಆದರೆ ಕಾಯಿಲೆಯ ಬೇರು ಚರ್ಮದ ಗೋಡೆಯಲ್ಲಿದೆ ಎಂಬ ಮಾತಿಗೆ ಇದರಿಂದ ದೊಡ್ಡ ಬಲ ಬಂತು. ಅಂದರೆ ಇದು ಕೊಳಕಿನಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ. ತರಗತಿಯಲ್ಲಿ ಕೈ ಒರಟಾದ ಗೆಳತಿಯ ಪಕ್ಕ ಕೂರಲು ಹಿಂಜರಿಯುವವರು ಇದನ್ನು ನೆನಪಿಡಬೇಕು.

ನೀರು, ಸಾಬೂನು

ಆಮ್ಲ-ಪ್ರತ್ಯಾಮ್ಲ ಪಾಠದಲ್ಲಿ ಅರಿಶಿನದ ಕಾಗದ ಮಾಡಿದ್ದು ನೆನಪಿದೆಯಾ? ಅದರ ಮೇಲೆ ಸಾಬೂನಿನ ನೀರು ಹಾಕಿ. ಹಳದಿ ಹೋಗಿ ಕೆಂಪಾಗುತ್ತದೆ. ಸಾಬೂನು ಪ್ರತ್ಯಾಮ್ಲ, ಸಾಮಾನ್ಯ ಸಾಬೂನಿನ ಪಿ.ಎಚ್. 9ರಿಂದ 10. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿ.ಎಚ್. ಸುಮಾರು 5. ಪದೇ ಪದೇ ಸಾಬೂನು ಹಾಕಿದರೆ ಆ ಆಮ್ಲೀಯತೆ ಹೋಗುತ್ತದೆ, ಗಾರೆಯ ಕೊಬ್ಬೂ ತೊಳೆದುಹೋಗುತ್ತದೆ.

ಇನ್ನೊಂದು ಪ್ರಯೋಗ. ಒಂದೇ ಅಳತೆಯ ಎರಡು ಬಾಟಲಿ ತೊಗೊಳ್ಳಿ. ಒಂದರಲ್ಲಿ ಸಿರುವಾಣಿ ನೀರು, ಇನ್ನೊಂದರಲ್ಲಿ ಅಷ್ಟೇ ಬೋರ್‌ವೆಲ್ ನೀರು. ಎರಡಕ್ಕೂ ಸಮನಾಗಿ ಸಾಬೂನು ತುರಿದು ಹಾಕಿ, 20 ಸಲ ಅಲುಗಾಡಿಸಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಕಾಡಿನ ಮಳೆನೀರಾದ ಸಿರುವಾಣಿಯಲ್ಲಿ ನೊರೆ ಉಕ್ಕುತ್ತದೆ. ಕಲ್ಲುಬಂಡೆಗಳ ನಡುವಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬಂದ ಬೋರ್‌ವೆಲ್ ನೀರಿನಲ್ಲಿ ನೊರೆ ಕಡಿಮೆ, ಬಿಳಿ ಗಸಿ ಜಾಸ್ತಿ. ಆ ಗಸಿ ಮಗುವಿನ ಮೈ ಮೇಲೂ ಉಳಿಯುತ್ತದೆ.

ಹಾಗಾದರೆ ಗಡಸು ನೀರೇ ಇಸುಬಿಗೆ ಕಾರಣವಾ? ಅವಸರ ಬೇಡ. 1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರದೇಶದಲ್ಲಿ ಗಡಸು ನೀರಿನ ಊರುಗಳ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಇಸುಬು ಹೆಚ್ಚು ಎಂದು ಕಂಡುಬಂತು. ಆಮೇಲೆ ಅದೇ ದೇಶದಲ್ಲಿ ಇಸುಬು ಇದ್ದ 336 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿದರು. 2011ರಲ್ಲಿ ಫಲಿತಾಂಶ ಬಂತು: 12 ವಾರದ ನಂತರ ಎರಡೂ ಗುಂಪಿನ ಮಕ್ಕಳು ಒಂದೇ ರೀತಿ ಸ್ವಲ್ಪ ಸುಧಾರಿಸಿದ್ದರು. ಯಂತ್ರದಿಂದ ಹೆಚ್ಚಿನ ಲಾಭ ಸಿಗಲಿಲ್ಲ. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಮದ್ದು ಅಂತ ಹೇಳಲಾಗದು, ಅಲ್ವೇ? ಆದ್ದರಿಂದ ದುಬಾರಿ ಯಂತ್ರ ಕೊಳ್ಳಬೇಕಿಲ್ಲ. ಉಗುರುಬೆಚ್ಚಗಿನ ನೀರು, 5-10 ನಿಮಿಷದ ಸ್ನಾನ, ಸೌಮ್ಯವಾದ ಸಾಬೂನು, ಅದೂ ಬೇಕಾದ ಕಡೆ ಮಾತ್ರ, ಇಷ್ಟು ಸಾಕು. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಉಜ್ಜುವುದು ಬೇಡ. ಟವೆಲಿನಿಂದ ಒರೆಸದೆ ಒತ್ತಿ ನೀರು ತೆಗೆಯಿರಿ.

ಎಣ್ಣೆಯ ಲೆಕ್ಕ

ಮೈ ಇನ್ನೂ ತೇವವಿರುವಾಗಲೇ ಎಣ್ಣೆ ಅಥವಾ ಮುಲಾಮು ಹಚ್ಚಿದರೆ ಒಳಗಿನ ನೀರು ಆರಿಹೋಗುವುದು ತಡೆಯುತ್ತದೆ. ಪಾಲಕ್ಕಾಡ್ ಕಣಿವೆಯಿಂದ ಬೀಸುವ ಆಷಾಢದ ಗಾಳಿಯ ದಿನಗಳಲ್ಲಿ, ಒಣ ಚಳಿಯ ತಿಂಗಳುಗಳಲ್ಲಿ ಇದು ಇನ್ನೂ ಮುಖ್ಯ. ದಿನಕ್ಕೆ ಎರಡು ಸಲವಾದರೂ ಬೇಕು. ಆದರೆ ಯಾವ ಎಣ್ಣೆ?

ನಮ್ಮ ಸುತ್ತ ತೆಂಗಿಗೆ ಬರವಿಲ್ಲ. ಪೊಳ್ಳಾಚಿಯಲ್ಲಿ ತೋಟ, ಕಾಂಗೇಯದಲ್ಲಿ ಕೊಬ್ಬರಿ ಒಣಗಿಸುವ ಕಣ, ಎಣ್ಣೆ ಮಿಲ್ಲು. ಅಜ್ಜಿಯರ ಸಲಹೆಯಲ್ಲಿ ಹುರುಳಿದೆಯೇ ಎಂದು ಫಿಲಿಪ್ಪೀನ್ಸಿನ ವೈದ್ಯರು ಪರೀಕ್ಷಿಸಿದರು. ಅಷ್ಟೇನೂ ತೀವ್ರವಲ್ಲದ ಇಸುಬು ಇದ್ದ 117 ಮಕ್ಕಳಲ್ಲಿ ಒಂದು ಗುಂಪಿಗೆ ಹಸಿ ತೆಂಗಿನಕಾಯಿಯಿಂದ ತೆಗೆದ ಶುದ್ಧ ಎಣ್ಣೆ, ಇನ್ನೊಂದಕ್ಕೆ ಖನಿಜ ತೈಲ. 8 ವಾರದಲ್ಲಿ ಕಾಯಿಲೆಯ ತೀವ್ರತೆಯ ಅಂಕ ಮೊದಲ ಗುಂಪಿನಲ್ಲಿ ಸರಾಸರಿ ಸುಮಾರು 68%, ಎರಡನೆಯದರಲ್ಲಿ ಸುಮಾರು 38% ಇಳಿಯಿತು. ಇದು 2014ರಲ್ಲಿ ಪ್ರಕಟವಾಯಿತು. ತೆಂಗಿನೆಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಇಸುಬಿನ ಚರ್ಮದ ಮೇಲೆ ಬೆಳೆದು ಕಾಟ ಕೊಡುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾವನ್ನು ಅದು ತಗ್ಗಿಸಬಲ್ಲದು. ಪರೀಕ್ಷೆಯಲ್ಲಿ ಬಳಸಿದ್ದು ಶುದ್ಧ ಎಣ್ಣೆ, ಸುವಾಸನೆ ಬೆರೆಸಿದ ತಲೆಗೆಣ್ಣೆಯಲ್ಲ ಅನ್ನೋದು ಗಮನದಲ್ಲಿರಲಿ.

ಹಾಗಾದರೆ ಎಲ್ಲ ಎಣ್ಣೆಯೂ ಒಳ್ಳೆಯದೇ? ಇಲ್ಲ. 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ವಯಸ್ಕರ ಕೈಗೆ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿ ನೋಡಿದಾಗ ಚರ್ಮದ ಗೋಡೆ ದುರ್ಬಲವಾಗಿತ್ತು. ಅದರಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಗಾರೆಯನ್ನು ಕದಡುತ್ತದೆ. ತೆಂಗೂ ನಿಸರ್ಗದ್ದೇ, ಆಲಿವ್ ಕೂಡ ನಿಸರ್ಗದ್ದೇ. ‘ನೈಸರ್ಗಿಕ’ ಎಂಬ ಒಂದೇ ಮಾತು ನೋಡಿ ನಂಬಬಾರದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಎಣ್ಣೆ, ಮುಲಾಮು ಶಮನ ಮಾಡುತ್ತವೆ; ಕಾಯಿಲೆ ಬರದಂತೆ ತಡೆಯುತ್ತವೆ ಅಂತಲ್ಲ. ಬ್ರಿಟನ್ನಿನಲ್ಲಿ 1,394 ನವಜಾತ ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದಾಗಿನಿಂದ ದಿನವೂ ಮುಲಾಮು ಹಚ್ಚಿದ ಮಕ್ಕಳಲ್ಲೂ ಇಸುಬು ಕಡಿಮೆಯಾಗಲಿಲ್ಲ.

ಗರಿಕೆಯ ಪ್ರಶ್ನೆ

ಕೊಯಮತ್ತೂರಿನ ಸಿದ್ಧವೈದ್ಯದ ಅಂಗಡಿಗಳಲ್ಲಿ ‘ಅರುಗಂಪುಲ್ ತೈಲ’ ಸಿಗುತ್ತದೆ. ಅರುಗಂಪುಲ್ ಅಂದರೆ ನಮ್ಮ ಗರಿಕೆ. ಕರಪ್ಪಾನ್‌ಗೆ ಇದು ಹಳೆಯ ಮದ್ದು. ಗರಿಕೆಯ ರಸವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಮಾಡುತ್ತಾರೆ. ಹಚ್ಚಿದಾಗ ತುರಿಕೆ ಕಡಿಮೆಯಾಯಿತು ಅನ್ನಿ. ಗುಣ ಗರಿಕೆಯದೋ, ತೆಂಗಿನೆಣ್ಣೆಯದೋ? ಇದನ್ನು ತಿಳಿಯಲು ಏನು ಮಾಡಬೇಕು? ಯೋಚಿಸಿ. ಒಂದು ಗುಂಪಿಗೆ ಗರಿಕೆ ಹಾಕಿದ ಎಣ್ಣೆ, ಇನ್ನೊಂದಕ್ಕೆ ಗರಿಕೆಯಿಲ್ಲದ ಅದೇ ಎಣ್ಣೆ ಕೊಟ್ಟು ಹೋಲಿಸಬೇಕು. ಯಾರಿಗೆ ಯಾವುದು ಕೊಟ್ಟಿದೆ ಎಂದು ಹಚ್ಚುವವರಿಗೂ ಅಳೆಯುವವರಿಗೂ ಗೊತ್ತಿರಬಾರದು. ಇಸುಬು ತಾನಾಗಿಯೇ ಏರಿಳಿಯುವ ಕಾಯಿಲೆ. ಜೋರಾಗಿದ್ದಾಗ ಏನು ಹಚ್ಚಿದರೂ ನಾಲ್ಕು ದಿನಕ್ಕೆ ಇಳಿದೀತು. ಹೋಲಿಕೆ ಇಲ್ಲದಿದ್ದರೆ ನಾವು ಮೋಸ ಹೋಗುತ್ತೇವೆ.

ಬನಿಯನ್ನು, ಉಗುರು, ಊಟ

ತಿರುಪ್ಪೂರಿನ ಮಕ್ಕಳಿಗೆ ಬನಿಯನ್ ಬಟ್ಟೆಯ ಬಗ್ಗೆ ಹೇಳಬೇಕಿಲ್ಲ. ಮೆತ್ತಗಿನ, ಸಡಿಲವಾದ ಹತ್ತಿ ಬನಿಯನ್ನು ಇಸುಬಿನ ಮಗುವಿಗೆ ಚೆನ್ನ. ಅದು ಬೆವರು ಹೀರುತ್ತದೆ, ಉಣ್ಣೆಯ ಹಾಗೆ ಚುಚ್ಚುವುದಿಲ್ಲ. ಹೊಸ ಬಟ್ಟೆಯಲ್ಲಿ ಬಣ್ಣದ, ಗಂಜಿಯ ಅಂಶ ಉಳಿದಿರುವುದರಿಂದ ಒಗೆದು ಹಾಕಿ. ಕತ್ತಿನ ಹಿಂದಿನ ಲೇಬಲ್ ಕತ್ತರಿಸಿ. ಹೊಲಿಗೆ ಉಜ್ಜುತ್ತಿದ್ದರೆ ಒಳಗಿನದನ್ನು ಹೊರಗೆ ಮಾಡಿ ತೊಡಿಸಿ. ‘ವಿಶೇಷ ರೇಷ್ಮೆ ಉಡುಪು’ ಬೇಕೇ? 2017ರಲ್ಲಿ ಬಂದ, 300 ಮಕ್ಕಳ ಮೇಲಿನ ಬ್ರಿಟನ್ನಿನ ಪರೀಕ್ಷೆಯಲ್ಲಿ ಅದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಆ ದುಡ್ಡು ಉಳಿಸಿ. ಮಗುವಿನ ಉಗುರು ಮಾತ್ರ ವಾರಕ್ಕೊಮ್ಮೆ ಕತ್ತರಿಸಿ.

ಊಟದ ಪಥ್ಯದ ವಿಷಯದಲ್ಲಿ ಎಚ್ಚರ. ಕರಪ್ಪಾನ್ ಅಂದಕೂಡಲೇ ಬದನೆ, ಮೀನು, ಮೊಟ್ಟೆ, ಹಾಲು ಎಲ್ಲ ನಿಲ್ಲಿಸುವ ಮನೆಗಳಿವೆ. ಕೆಲವು ಮಕ್ಕಳಿಗೆ ಕೆಲವು ಆಹಾರ ನಿಜವಾಗಿಯೂ ಒಗ್ಗುವುದಿಲ್ಲ. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ಊಹೆಯ ಮೇಲೆ ಎಲ್ಲವನ್ನೂ ಬಿಡಿಸಿದರೆ ತುರಿಕೆ ಹೋಗದು, ಬೆಳೆಯುವ ಮಗು ಸೊರಗುತ್ತದೆ.

ಇವು ಬೇಡವೇ ಬೇಡ

ಹಸುಗೂಸಿಗೆ ಬೇವಿನೆಣ್ಣೆ ಕುಡಿಸಬಾರದು. ಹಾಗೆ ಕುಡಿಸಿದ ಮಕ್ಕಳಿಗೆ ವಾಂತಿ, ಫಿಟ್ಸ್, ಮೆದುಳಿನ ಬಾವು ಬಂದು ಸಾವೂ ಆದದ್ದನ್ನು 1981ರಲ್ಲೇ ಮಲೇಷ್ಯಾದ ವೈದ್ಯರು ದಾಖಲಿಸಿದ್ದಾರೆ. ಬಿರಿದ ಚರ್ಮಕ್ಕೆ ನಿಂಬೆರಸ, ಬೆಳ್ಳುಳ್ಳಿ, ಸೀಮೆಎಣ್ಣೆ ಹಚ್ಚಬಾರದು, ಸುಡುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. 2003ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಕ್ಕಳ ಇಸುಬಿಗೆ ಬಳಸುತ್ತಿದ್ದ 24 ‘ಗಿಡಮೂಲಿಕೆ ಕ್ರೀಮು’ಗಳನ್ನು ಪರೀಕ್ಷಿಸಿದಾಗ 20ರಲ್ಲಿ ಸ್ಟೀರಾಯ್ಡ್ ಇತ್ತು. ಹೆಸರಿಲ್ಲದ ಡಬ್ಬಿಯ ಮುಲಾಮು ಎರಡೇ ದಿನದಲ್ಲಿ ಮಾಯ ಮಾಡಿದರೆ ಸಂಶಯ ಪಡಿ. ಹಾಗಂತ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮಿಗೆ ಹೆದರಬೇಡಿ. ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಮದ್ದು. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಚ್ಚುವುದರಿಂದ ಚರ್ಮ ತೆಳುವಾಗುತ್ತದೆ.

ತಡಮಾಡಬೇಡಿ

ಹಳದಿ ಹಕ್ಕಳೆ, ಕೀವು, ಜ್ವರ, ಗುಂಪುಗುಂಪಾಗಿ ಏಳುವ ನೋವಿನ ಗುಳ್ಳೆ, ಮಗು ಹಾಲು ಕುಡಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಎಲ್ಲರಿಗೂ ರಾತ್ರಿ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಇಸುಬಲ್ಲ, ತುರಿಕಜ್ಜಿ ಇರಬಹುದು. ಅದಕ್ಕೆ ಕಾರಣ ಒಂದು ಸಣ್ಣ ಹುಳು, ಅದು ಅಂಟುತ್ತದೆ. ಎಣ್ಣೆಯಿಂದ ಹೋಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಮನೆಯವರೆಲ್ಲ ಒಟ್ಟಿಗೆ ಮದ್ದು ಹಚ್ಚಿಕೊಳ್ಳಬೇಕು.

ಇಸುಬು ಇರುವ ಬಹಳಷ್ಟು ಮಕ್ಕಳಿಗೆ ದೊಡ್ಡವರಾಗುತ್ತಾ ಅದು ತಗ್ಗುತ್ತದೆ. ಅಲ್ಲಿಯವರೆಗೆ ಗೋಡೆ ಕಾಯಬೇಕು, ಅಷ್ಟೆ. ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ಒಂದು ನೋಟುಪುಸ್ತಕ ಇಡಿ. ದಿನಾಂಕ, ಸ್ನಾನಕ್ಕೆ ಯಾವ ನೀರು, ಏನು ಹಚ್ಚಿದಿರಿ, ಯಾವ ಬಟ್ಟೆ, ರಾತ್ರಿ ಎಷ್ಟು ಸಲ ಎದ್ದಿತು, ಎಲ್ಲ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲು ಅಮ್ಮನಿಗೆ ಹೇಳಿ. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಜೊತೆಗಿರಲಿ. ವೈದ್ಯರ ಮೊದಲ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.