ಮರಳ ಮೇಲಿನ ಜಲಾಂತರ್ಗಾಮಿ

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿರುವ ‘ಐಎನ್‌ಎಸ್ ಕುರ್ಸುರಾ’ ಒಂದು ಜಲಾಂತರ್ಗಾಮಿಯನ್ನೇ ಕಟ್ಟಡವಾಗಿಸಿಕೊಂಡ ವಸ್ತುಸಂಗ್ರಹಾಲಯ. ಬೇರೆಡೆ ವಸ್ತು ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ, ಜನ ಹೊರಗೆ ನಿಂತು ನೋಡುತ್ತಾರೆ. ಇಲ್ಲಿ ಜನರೇ ವಸ್ತುವಿನ ಹೊಟ್ಟೆಯೊಳಗೆ ಹೊಕ್ಕು ನಡೆಯುತ್ತಾರೆ. ನೋಡುಗರ ಅನುಭವವನ್ನು ರೂಪಿಸುವ ಕಸುಬನ್ನು ಅರಿಯಲು ದಕ್ಷಿಣ ಭಾರತದಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ, ‘ಫಾಕ್ಸ್‌ಟ್ರಾಟ್’ ಮಾದರಿಯ ಈ ಜಲಾಂತರ್ಗಾಮಿ ಭಾರತೀಯ ನೌಕಾಪಡೆ ಸೇರಿದ್ದು 1969ರ ಡಿಸೆಂಬರ್ 18ರಂದು. 1971ರ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿತು. 31 ವರ್ಷ ದುಡಿದು, 73,500 ನಾಟಿಕಲ್ ಮೈಲಿ ಸಂಚರಿಸಿ 2001ರ ಫೆಬ್ರುವರಿ 27ರಂದು ನಿವೃತ್ತಿಯಾಯಿತು. ಅದನ್ನು ದಡಕ್ಕೆ ಎಳೆದು ತಂದು, ಕಾಂಕ್ರೀಟ್ ನೆಲೆಯ ಮೇಲೆ ಕೂರಿಸಿ ಸಂಗ್ರಹಾಲಯವಾಗಿಸಲು ಸುಮಾರು ಒಂದೂವರೆ ವರ್ಷ ಹಿಡಿಯಿತು, ಐದೂವರೆ ಕೋಟಿ ರೂಪಾಯಿಯಷ್ಟು ವೆಚ್ಚವಾಯಿತು. 2002ರ ಆಗಸ್ಟ್‌ನಲ್ಲಿ ಅದು ಜನರಿಗೆ ತೆರೆದುಕೊಂಡಿತು.

ವಿನ್ಯಾಸದ ಮೊದಲ ಸವಾಲು ಬಾಗಿಲಿನದು. ನಾವಿಕರು ಒಳಗಿಳಿಯುತ್ತಿದ್ದುದು ಮೇಲಿನ ಕಿಂಡಿಗಳಿಂದ, ನೆಟ್ಟನೆಯ ಏಣಿ ಹಿಡಿದು. ಮಕ್ಕಳು, ಸೀರೆಯುಟ್ಟ ಹೆಂಗಸರು, ಮುದುಕರು ಹಾಗೆ ಇಳಿಯಲಾರರು. ಅದಕ್ಕಾಗಿ ಉಕ್ಕಿನ ಮೈಯ ಪಕ್ಕದಲ್ಲಿ ಬಾಗಿಲು ಕೊರೆದು ಮೆಟ್ಟಿಲು ಜೋಡಿಸಲಾಗಿದೆ. ಒಂದು ತುದಿಯಲ್ಲಿ ಹತ್ತಿದವರು ಇನ್ನೊಂದು ತುದಿಯಲ್ಲಿ ಇಳಿಯುತ್ತಾರೆ. 91.3 ಮೀಟರ್ ಉದ್ದದ ಕೊಳವೆಯಲ್ಲಿ ಹಿಂದಕ್ಕೆ ತಿರುಗಲು ಜಾಗವಿಲ್ಲ, ದಾರಿ ತಪ್ಪುವ ಭಯವೂ ಇಲ್ಲ. ದೊಡ್ಡ ಸಂಗ್ರಹಾಲಯಗಳಲ್ಲಿ ಯಾವ ಕೋಣೆಯಾದ ಮೇಲೆ ಯಾವುದು ಎಂದು ವಿನ್ಯಾಸಕಾರರು ತಲೆ ಕೆಡಿಸಿಕೊಳ್ಳಬೇಕು. ಇಲ್ಲಿ ಆ ಕ್ರಮವನ್ನು ಹಡಗು ಕಟ್ಟಿದವರೇ ಹಾಕಿಕೊಟ್ಟಿದ್ದಾರೆ.

ಆ ಕ್ರಮದಲ್ಲಿ ನಡೆಯುವಾಗ ಮೈಯೇ ಮೊದಲು ಕಲಿಯುತ್ತದೆ. ತಲೆ ಬಗ್ಗಿಸಬೇಕು, ಭುಜ ಹಿಡಿಮಾಡಿಕೊಳ್ಳಬೇಕು, ಮುಂದಿನವರು ಸರಿಯುವವರೆಗೆ ಕಾಯಬೇಕು. ಎರಡೂ ಬದಿಗೆ ಕೊಳವೆ, ತಂತಿ, ಗಾಲಿಯಂಥ ಕವಾಟಗಳು. ಟಾರ್ಪೆಡೊಗಳ ಮಗ್ಗುಲಲ್ಲೇ ಮಲಗುವ ಹಲಗೆಗಳು, ಗೇಣು ಜಾಗದ ಅಡುಗೆಮನೆ, ಬೀರುವಿನಂಥ ಕ್ಯಾಬಿನ್‌ಗಳು. ಇಷ್ಟರೊಳಗೆ ಸುಮಾರು 75 ಮಂದಿ ವಾರಗಟ್ಟಲೆ ಬಾಳುತ್ತಿದ್ದರು ಎಂಬುದನ್ನು ಫಲಕದಲ್ಲಿ ಬರೆದರೆ ಅದೊಂದು ಅಂಕಿ. ಹತ್ತು ಜನರ ನಡುವೆ ಇಕ್ಕಟ್ಟಿನಲ್ಲಿ ನಿಂತಾಗ ಅದು ಉಸಿರಿಗೇ ತಿಳಿಯುತ್ತದೆ. ಪರದೆ, ಗುಂಡಿ, ಕನ್ನಡಕಗಳ ಯಾವ ತಂತ್ರವೂ ಇದಕ್ಕೆ ಸಾಟಿಯಾಗದು. ಸಮವಸ್ತ್ರದ ಬೊಂಬೆಗಳನ್ನು ಅಲ್ಲಲ್ಲಿ ಕೂರಿಸಿದ್ದಾರೆ. ಮಕ್ಕಳಿಗೆ ಅವು ಇಷ್ಟ, ಅಷ್ಟೇ.

ಆದರೆ ಎಂಜಿನ್ ನಿಂತಿದೆ. ಡೀಸೆಲ್ ವಾಸನೆ, ಬೆವರು, ನೀರಡಿಯ ಮೌನ ಇವನ್ನು ಯಾವ ವಿನ್ಯಾಸವೂ ಮರಳಿ ತರಲಾರದು. ಆ ಕೊರತೆ ತುಂಬುವುದು ಮಾತು. ಕುರ್ಸುರಾದ ನಿಜವಾದ ಜೀವಾಳ ಅಲ್ಲಿ ಮಾರ್ಗದರ್ಶಿಗಳಾಗಿರುವ ನೌಕಾಪಡೆಯ ನಿವೃತ್ತರು. ಬ್ಯಾಟರಿ ಚಾರ್ಜ್ ಮಾಡಲು ಮೇಲೇಕೆ ಬರಬೇಕು, ಸಿಹಿನೀರನ್ನು ಏಕೆ ಅಳೆದು ಬಳಸಬೇಕು ಎಂಬುದನ್ನು ಕಡಲಲ್ಲಿ ದುಡಿದವರ ಬಾಯಿಂದ ಕೇಳುವುದೇ ಬೇರೆ. ನೋಡುಗರು ಪ್ರಶ್ನೆ ಕೇಳಿದರೆ ಅವರು ಉತ್ತರಿಸುತ್ತಾರೆ. ಸಂವಾದ ಎಂಬ ಪದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ಬೇಕಿಲ್ಲ.

ರಸ್ತೆಯ ಆಚೆಗಿರುವ ಟಿಯು-142 ವಿಮಾನ ಸಂಗ್ರಹಾಲಯದ ದಾರಿ ಬೇರೆ. ಕಡಲ ಮೇಲೆ ಹಾರಿ ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ಈ ಭಾರಿ ವಿಮಾನ 29 ವರ್ಷ ಸೇವೆ ಸಲ್ಲಿಸಿ 2017ರ ಮಾರ್ಚ್‌ನಲ್ಲಿ ನಿವೃತ್ತವಾಯಿತು. ಅದೇ ವರ್ಷದ ಡಿಸೆಂಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಸಂಗ್ರಹಾಲಯವನ್ನು ಉದ್ಘಾಟಿಸಿದರು. ವಿಮಾನದ ಒಳಭಾಗ ಸಣ್ಣದು, ಉಪಕರಣಗಳು ಜಟಿಲ. ಆದ್ದರಿಂದ ಎಂಜಿನ್, ಪ್ರೊಪೆಲ್ಲರ್, ನೀರಿಗೆಸೆದು ಸದ್ದು ಹಿಡಿಯುವ ಸೋನೊಬಾಯ್ ಮುಂತಾದವನ್ನು ಮೊದಲು ಸಭಾಂಗಣದಲ್ಲಿ ಪರಿಚಯಿಸಿ, ಆಮೇಲೆ ವಿಮಾನಕ್ಕೆ ಕರೆದೊಯ್ಯುತ್ತಾರೆ. ಬೇಟೆಯಾಡುವುದನ್ನೂ ಬೇಟೆಗೆ ಗುರಿಯಾಗುವುದನ್ನೂ ಎದುರುಬದುರು ನಿಲ್ಲಿಸಿರುವುದು ಜಾಣ್ಮೆಯ ಕೆಲಸ. ಒಂದನ್ನು ನೋಡಿ ಬಂದವರಿಗೆ ಇನ್ನೊಂದು ತಾನಾಗಿ ಅರ್ಥವಾಗುತ್ತದೆ.

ವಿಜಯವಾಡದ ಬಾಪು ಮ್ಯೂಸಿಯಂ ಮತ್ತೊಂದು ಬಗೆ. 1887ರಲ್ಲಿ ಅಡಿಗಲ್ಲು ಹಾಕಿದ ವಿಕ್ಟೋರಿಯಾ ಜುಬಿಲಿ ಕಟ್ಟಡದ ಈ ಪುರಾತತ್ತ್ವ ಸಂಗ್ರಹಾಲಯ ನವೀಕರಣಗೊಂಡು, ಹೊಸ ಹೆಸರಿನಲ್ಲಿ 2020ರ ಅಕ್ಟೋಬರ್ 1ರಂದು ಮರಳಿ ತೆರೆಯಿತು. ಮೊಬೈಲ್ ಆ್ಯಪ್ ಮೂಲಕ ವಿವರ ಕೊಡುವ ಏರ್ಪಾಡು ಇಲ್ಲಿ ಬಂತು. ಶಿಲ್ಪವನ್ನು ಮುಟ್ಟಲಾಗದು, ಒಳಹೊಗಲಾಗದು, ಹಾಗಾಗಿ ಇಂಥ ನೆರವು ಬೇಕು. ಆದರೂ ಅಲ್ಲೂರಿನ ಬಿಳಿ ಸುಣ್ಣಗಲ್ಲಿನ ಬುದ್ಧನ ಎದುರು ಫೋನನ್ನು ಜೇಬಿಗಿಳಿಸಿ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಒಳ್ಳೆಯದು. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ಆರಂಭವಾದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್’ನ ನಾದದ ತೋಟದಲ್ಲಿ ಮಾತ್ರ ಮುಟ್ಟಿ, ಬಡಿದು, ನುಡಿಸಿಯೇ ಕಲಿಯಬೇಕು. ವಸ್ತು ಏನನ್ನು ಬೇಡುತ್ತದೋ ಅದನ್ನು ಅರಿಯುವುದರಲ್ಲಿ ಈ ಕಸುಬಿನ ಅರ್ಧ ಮುಗಿಯುತ್ತದೆ.

ಕನ್ನಡ ನಾಡಿಗೂ ಇದು ದೂರದ ಮಾತಲ್ಲ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಬೀಚಿನಲ್ಲಿ ‘ಐಎನ್‌ಎಸ್ ಚಪಲ್’ ಕ್ಷಿಪಣಿ ನೌಕೆ ಸಂಗ್ರಹಾಲಯವಾಗಿ ನಿಂತಿದೆ. ಅದರ ಪಕ್ಕಕ್ಕೆ ಈಚೆಗೆ ಟಿಯು-142 ಕೂಡ ಬಂದಿದೆ. ಉಕ್ಕಿಗೆ ಬಣ್ಣ ಬಳಿದು ಇನ್ನಷ್ಟು ಕಾಲ ಉಳಿಸಬಹುದು, ಅದರೊಳಗೆ ದುಡಿದವರ ನೆನಪಿಗೆ ಆ ಅನುಕೂಲವಿಲ್ಲ. ಭಾರತದ ಕೊನೆಯ ಫಾಕ್ಸ್‌ಟ್ರಾಟ್ ಜಲಾಂತರ್ಗಾಮಿ ‘ವಾಗ್ಲಿ’ 2010ರಲ್ಲೇ ನಿವೃತ್ತವಾಗಿದೆ. ಅಲ್ಲಿಂದೀಚೆಗೆ ಆ ಮಾದರಿಯ ಜಲಾಂತರ್ಗಾಮಿಯಲ್ಲಿ ಕೆಲಸ ಕಲಿತವರು ಇಲ್ಲಿ ಯಾರೂ ಇಲ್ಲ. ಅಂಥ ನಾವಿಕರ ಮಾತನ್ನು ತೆಲುಗಿನಲ್ಲೂ ಕನ್ನಡದಲ್ಲೂ ಈಗಲೇ ಧ್ವನಿಮುದ್ರಿಸಿ ಇಡಬೇಕು.